ಮಸ್ಕತ್ತಿನಲ್ಲಿ ಅಣ್ಣನ ಮೂರು ಹಲ್ಲು

ಮಸ್ಕತ್ ಹೇಗಿತ್ತು ಎಂದು ಕೇಳಿದವರಿಗೆಲ್ಲ ರಸ್ತೆಗಳು ಬಹಳ ಚೊಕ್ಕಟ ಎಂದು ಹೇಳಿ ತಪ್ಪಿಸಿಕೊಂಡಿದ್ದೇನೆ. ಅದು ಸುಳ್ಳಲ್ಲ. ಆದರೆ ನಾನು ರಸ್ತೆ ನೋಡಲು ಹೋದವಳಲ್ಲ. ಅಲ್ಲಿದ್ದ ಹನ್ನೊಂದು ದಿನಗಳಲ್ಲಿ ಹೆಚ್ಚಿನ ಹೊತ್ತು ಕಳೆದದ್ದು ಒಂದು ಹಲ್ಲಿನ ಆಸ್ಪತ್ರೆಯ ಮತ್ತು ಒಂದು ವಿಮಾ ಕಚೇರಿಯ ಕುರ್ಚಿಗಳಲ್ಲಿ. ಯಾವ ದಿನ ಏನಾಯಿತು ಎಂಬುದನ್ನು ದಿನಚರಿಯಲ್ಲಿ ಬರೆದಿಟ್ಟಿದ್ದೇನೆ. ಬರೆದದ್ದನ್ನು ಮೊದಲಿನಷ್ಟು ನಂಬುವ ಧೈರ್ಯ ಮಾತ್ರ ಈಗ ಉಳಿದಿಲ್ಲ.

ಬಜಪೆ

ಅಣ್ಣ ಸದಾಶಿವ ನನಗಿಂತ ಏಳು ವರ್ಷ ದೊಡ್ಡವನು. ನಮ್ಮದು ಕಡಲಿಗೆ ಹೋಗುತ್ತಿದ್ದ ಮನೆ. ಅಪ್ಪನ ದೋಣಿ ಕೈತಪ್ಪಿದ ಮೇಲೆ ಅವನು ಮಸ್ಕತ್ತಿನ ಒಂದು ಮೀನಿನ ಕೋಲ್ಡ್ ಸ್ಟೋರೇಜಿಗೆ ಸೇರಿದ, ಇಪ್ಪತ್ತಾರು ವರ್ಷವಾಯಿತು. ಮನೆಯಲ್ಲಿ ಕಾಲೇಜಿಗೆ ಹೋದವಳು ನಾನೊಬ್ಬಳೇ. ವಾಮಂಜೂರಿನ ಕಾಲೇಜೊಂದರಲ್ಲಿ ಇತಿಹಾಸ ಕಲಿಸುತ್ತೇನೆ. ಹಾಗಾಗಿ ಮನೆಯ ಅರ್ಜಿಗಳೆಲ್ಲ ನನ್ನ ಪಾಲು. ರೇಷನ್ ಕಾರ್ಡು, ಪಾಸ್‌ಪೋರ್ಟು, ಅಮ್ಮನ ಪಿಂಚಣಿ, ಎಲ್ಲವನ್ನೂ ನಾನು ತುಂಬುವುದು, ಉಳಿದವರು ನಾನು ಬೆರಳಿಟ್ಟಲ್ಲಿ ಸಹಿ ಹಾಕುವುದು. ಓದಿ ನೋಡಿ ಸಹಿ ಹಾಕುವುದೆಂದರೆ ನಮ್ಮಲ್ಲಿ ಹೆಚ್ಚುಕಡಿಮೆ ಅವಮಾನ ಮಾಡಿದ ಹಾಗೆ.

ನಾನು ಹೋಗುವುದಕ್ಕೆ ನಾಲ್ಕು ತಿಂಗಳ ಮೊದಲು ಹೆಪ್ಪುಗಟ್ಟಿದ ಮೀನಿನ ಪೆಟ್ಟಿಗೆಗಳ ಸಾಲೊಂದು ಜಾರಿ ಅಣ್ಣನ ಮುಖಕ್ಕೆ ಬಡಿದಿತ್ತು. ಮೇಲಿನ ಸಾಲಿನ ಮುಂದಿನ ಮೂರು ಹಲ್ಲು ಹೋದವು. ಡಾಕ್ಟರು ಇಂಪ್ಲಾಂಟ್ ಆಗಬೇಕೆಂದರು. ಎಂದರೆ ದವಡೆಯ ಎಲುಬಿಗೆ ಸ್ಕ್ರೂ ಕೂರಿಸಿ ಅದರ ಮೇಲೆ ಹಲ್ಲು ಕಟ್ಟುವುದು. ಅದು ನಮ್ಮ ಕೈಗೆ ಎಟುಕುವ ಚಿಕಿತ್ಸೆಯಲ್ಲ. ಊರಿನಲ್ಲಿ ನನಗಿರುವ ಆರೋಗ್ಯ ವಿಮೆಯ ಪುಸ್ತಕವನ್ನು ಓದಿದರೆ ಹಲ್ಲು ದೇಹದ ಭಾಗವೇ ಅಲ್ಲ ಎನಿಸುತ್ತದೆ. ಆದರೆ ಅಣ್ಣನ ಕಂಪೆನಿಯ ವಿಮೆಯಲ್ಲಿ ಅಪಘಾತದಿಂದ ಹೋದ ಹಲ್ಲಿಗೆ ಇಂಪ್ಲಾಂಟ್ ಇತ್ತು. ಒಂದೇ ಷರತ್ತು: ವಿಮೆ ಶುರುವಾಗುವ ಮೊದಲೇ ಮುರಿದ, ಸಡಿಲವಾದ, ಬಿದ್ದ ಹಲ್ಲಿಗೆ ಇಲ್ಲ.

ಅಣ್ಣ ಫಾರ್ಮನ್ನು ವಾಟ್ಸಾಪಿನಲ್ಲಿ ಕಳಿಸಿದ. ನಾನು ಕಾಟಿಪಳ್ಳದ ಮನೆಯಲ್ಲಿ ಕುಳಿತು ತುಂಬಿದೆ. 'ಹಿಂದೆ ಹಲ್ಲಿಗೆ ಪೆಟ್ಟಾದದ್ದುಂಟೇ?' ಎಂಬಲ್ಲಿ ಹೌದು, ಇಲ್ಲ ಎಂದು ಎರಡು ಚೌಕಗಳಿದ್ದವು. ಹೌದು ಎಂದು ಗುರುತು ಹಾಕಿದೆ. ವಿವರಕ್ಕೆ ಕೊಟ್ಟ ಜಾಗ ಸಾಲದೆ ಇನ್ನೊಂದು ಹಾಳೆಯನ್ನೇ ಲಗತ್ತಿಸಿದೆ. ಹದಿನಾರರ ವಯಸ್ಸಿನಲ್ಲಿ ದೋಣಿಯನ್ನು ದಡಕ್ಕೆಳೆಯುವಾಗ ಹಗ್ಗದ ಕೊಕ್ಕೆ ಹಾರಿ ಬಾಯಿಗೆ ಬಡಿದು ಮೇಲಿನ ಒಂದು ಹಲ್ಲು ಅರ್ಧ ಮುರಿದದ್ದು, ಪಕ್ಕದ ಎರಡು ಅಲುಗಾಡತೊಡಗಿದ್ದು, ಅಮ್ಮ ಸೆರಗು ಹರಿದು ಅರಿಸಿನ ಒತ್ತಿದ್ದು. ಸೆರಗಿನ ಬಣ್ಣ ಹಸಿರು ಎಂದು ಸಹ ನನಗೆ ನೆನಪಿತ್ತು, ಅದೊಂದನ್ನು ಬರೆಯಲಿಲ್ಲ. ಬರೆದು ಮುಗಿಸಿದಾಗ ಅಂತಹ ಸ್ವಚ್ಛವಾದ ಇಂಗ್ಲಿಷನ್ನು ಆ ಕಚೇರಿ ನೋಡಿರಲಿಕ್ಕಿಲ್ಲ ಎಂದುಕೊಂಡೆ. ಅಣ್ಣ ಅಚ್ಚು ತೆಗೆಸಿ ಸಹಿ ಹಾಕಿ ಕೊಟ್ಟ.

ವಿಮೆಯವರು ನಿರಾಕರಿಸಿದರು. ಹಲ್ಲುಗಳು ಮೊದಲೇ ಪೆಟ್ಟು ತಿಂದವು ಎಂಬ ಅವರ ಪತ್ರವನ್ನೂ ಅಣ್ಣ ಓದದೆ ನನಗೆ ಕಳಿಸಿದ. ಮೇಲ್ಮನವಿಗೆ ಸ್ವಲ್ಪ ದಿನಗಳ ಅವಕಾಶವಿತ್ತು. ವರ್ಷಾಂತ್ಯಕ್ಕೆ ಅಣ್ಣನ ಕೆಲಸ ಮುಗಿಯುತ್ತದೆ, ಕೆಲಸದೊಂದಿಗೆ ವಿಮೆಯೂ. ಹಲ್ಲು ಬಂದರೆ ಈ ಸಲ ಬರಬೇಕು, ಇಲ್ಲವಾದರೆ ಇಲ್ಲ. ಹಳೆಯ ಪೆಟ್ಟಿಗೂ ಹೊಸ ಪೆಟ್ಟಿಗೂ ಸಂಬಂಧವಿಲ್ಲ ಎಂದು ಎದುರಿಗೆ ಕುಳಿತು ವಾದಿಸಿದರೆ ಒಪ್ಪುತ್ತಾರೆ ಎಂಬ ಧೈರ್ಯದಲ್ಲಿ ನಾನು ರಜೆ ಹಾಕಿ ಹೊರಟೆ.

ಬಜಪೆಯ ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟು ನೋಡುವವರು ಕೇಳಿದರು.

"ಎಂತಕ್ಕೆ ಹೋಗುವುದು?"

"ಅಣ್ಣನ ಹಲ್ಲಿಗೆ."

"ನೀವು ಹಲ್ಲಿನ ಡಾಕ್ಟರಾ?"

"ಅಲ್ಲ, ಹಲ್ಲಿನ ಕಾಗದ ಬರೆಯುವವಳು."

ಅವರು ತಲೆ ಎತ್ತಿ ನನ್ನ ಮುಖ ನೋಡಿ ಮುದ್ರೆ ಒತ್ತಿದರು. ನಮ್ಮ ಊರಿನಲ್ಲಿ ಹಲ್ಲಿನ ಕಾಲೇಜುಗಳಿಗೆ ಕೊರತೆಯಿಲ್ಲ. ಕೇರಳದ ತುದಿಯಿಂದಲೂ ಜನ ಹಲ್ಲು ಕಟ್ಟಿಸಿಕೊಳ್ಳಲು ಇಲ್ಲಿಗೆ ಬರುತ್ತಾರೆ. ಅಂತಹ ಊರಿನಿಂದ ಹಲ್ಲಿಗಾಗಿ ಕಡಲು ದಾಟುವುದು ಅವರಿಗೆ ವಿಚಿತ್ರವಾಗಿ ಕಂಡಿರಬೇಕು.

ರೂವಿ

ರೂವಿ ಎಂಬುದು ಮಸ್ಕತ್ತಿನಲ್ಲಿ ನಮ್ಮವರು ತುಂಬಿರುವ ಭಾಗ. ಕಾಯಿಸಿದ ತೆಂಗಿನೆಣ್ಣೆಯ ವಾಸನೆ ಮೂಗಿಗೆ ಬಂದರೆ ಯಾವ ದೇಶ ಎಂದು ಕ್ಷಣ ಗೊಂದಲವಾಗುತ್ತದೆ. ವ್ಯತ್ಯಾಸ ಗೊತ್ತಾಗುವುದು ರಸ್ತೆ ದಾಟುವಾಗ. ದಾಟಲೋ ಬೇಡವೋ ಎಂದು ನಾನು ಅಂಚಿನಲ್ಲಿ ನಿಂತದ್ದೇ ತಡ, ದೊಡ್ಡ ಕಾರೊಂದು ನಿಂತುಬಿಟ್ಟಿತು. ಅದು ಮೊದಲು ಹೋಗಲಿ ಎಂದು ನಾನೂ ನಿಂತೆ. ಒಳಗಿದ್ದವರು ಕೈ ಬೀಸಿದರು, ನಾನೂ ಬೀಸಿದೆ. ಹಿಂದೆ ಐದಾರು ಕಾರು ಸಾಲಾದವು. ಒಬ್ಬರೂ ಹಾರನ್ ಒತ್ತಲಿಲ್ಲ.

"ದಾಟು ಮಾರಾಯ್ತಿ, ಇಲ್ಲದಿದ್ರೆ ಅವರು ಸಂಜೆವರೆಗೂ ನಿಲ್ತಾರೆ" ಎಂದು ಅಣ್ಣ ಕೈ ಹಿಡಿದೆಳೆದ.

ನಾವು ಮಾತಾಡುವುದು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಬರೆಯುವಾಗಲೇ ಒಂದಿಷ್ಟು ಸೋರಿಹೋಗಿರುತ್ತದೆ. ಓದುವವರು ಅದಕ್ಕೆ ಜಾಗ ಬಿಟ್ಟುಕೊಳ್ಳಬೇಕು.

ಅವನ ಕೋಣೆಯಲ್ಲಿ ಪೆಟ್ಟಿಗೆ ಬಿಚ್ಚಿದಾಗ ನನ್ನ ಮೊದಲ ಪೆದ್ದುತನ ಹೊರಬಿತ್ತು. ಕೋರಿ ರೊಟ್ಟಿ ನಾಲ್ಕು ಕಟ್ಟು, ಚಕ್ಕುಲಿ, ಹಲಸಿನ ಹಪ್ಪಳ. ಇಪ್ಪತ್ತಾರು ವರ್ಷ ಅವನಿಗೆ ಕಳಿಸಿದ್ದು ಇದನ್ನೇ. ಈ ಸಲವೂ ಕೈ ತನ್ನಷ್ಟಕ್ಕೆ ಅದನ್ನೇ ತುಂಬಿತ್ತು. ಮುಂದಿನ ಹಲ್ಲಿಲ್ಲದವನಿಗೆ ಕಚ್ಚಿ ಮುರಿಯುವ ತಿಂಡಿ.

"ನನಗಾ, ನನ್ನ ವೈರಿಗಾ ತಂದದ್ದು ಇದು?" ಎಂದು ಅಣ್ಣ ನಕ್ಕ. ನಗುವಾಗ ಅಂಗೈಯಿಂದ ಬಾಯಿ ಮುಚ್ಚಿಕೊಂಡ. ಅವನು ಮೊದಲಿನಿಂದಲೂ ಹಾಗೆಯೇ ನಗುತ್ತಿದ್ದನೋ, ಈ ಪೆಟ್ಟಾದ ಮೇಲಿನ ಅಭ್ಯಾಸವೋ ಎಂದು ನೆನಪು ಮಾಡಿಕೊಳ್ಳಲು ನೋಡಿದೆ. ಆಗಲಿಲ್ಲ. ದಪ್ಪ ಮೀಸೆ ಮಾತ್ರ ನೆನಪಾಯಿತು. ಅವನು ಕೋರಿ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ, ಗಂಜಿಯಂತಾದ ಮೇಲೆ ಚಮಚದಲ್ಲಿ ತಿಂದ. ಚೆನ್ನಾಗಿದೆ ಎಂದೂ ಹೇಳಿದ.

ಅವನಿಗೆ ನಿಜವಾಗಿ ನೋವು ಕೊಡುತ್ತಿದ್ದದ್ದು ಊಟವಲ್ಲ. ನಮ್ಮ ಪಟ್ಣದ, ಎಂದರೆ ಕಡಲ ದಡದ ನಮ್ಮವರ ಕೇರಿಯ, ಭಜನಾ ಮಂದಿರದಲ್ಲಿ ಸಣ್ಣವನಿದ್ದಾಗಿನಿಂದ ಪದ ಎತ್ತಿಕೊಡುತ್ತಿದ್ದವನು ಅವನು. ರೂವಿಯಲ್ಲೂ ನಮ್ಮವರು ಶುಕ್ರವಾರಗಳಲ್ಲಿ ಒಂದು ಕೋಣೆಯಲ್ಲಿ ಸೇರಿ ಭಜನೆ ಮಾಡುತ್ತಾರೆ, ಅಲ್ಲೂ ಎತ್ತಿಕೊಡುತ್ತಿದ್ದವನು ಅವನೇ. ಈಗ ಮೂಲೆಯಲ್ಲಿ ಕೂತು ತಾಳ ಹಾಕುತ್ತಾನೆ. "ಗಾಳಿ ಹೋಗ್ತದೆ ವಾರಿಜ, ದೇವರ ಹೆಸರು ಸರಿ ಬರುವುದಿಲ್ಲ" ಎಂದ. ಊರಿಗೆ ಬಂದ ಮೇಲೆ ಮಂದಿರದ ಭಜನೆಯನ್ನು ಮತ್ತೆ ನಡೆಸಿಕೊಡುತ್ತೇನೆಂದು ಅವನು ಊರಿನವರಿಗೆ ಮಾತು ಕೊಟ್ಟಿದ್ದ.

ಮತ್ರಾದ ಮೀನು ಮಾರುಕಟ್ಟೆ

ಮರುದಿನ ಅಣ್ಣ ಮತ್ರಾ ಬಂದರಿನ ಮೀನು ಮಾರುಕಟ್ಟೆ ತೋರಿಸಲು ಕರೆದೊಯ್ದ. ಅಮೃತಶಿಲೆಯಂತಹ ಕಟ್ಟೆಗಳು, ನೆಲದಲ್ಲಿ ಹೊಲಸು ನೀರಿಲ್ಲ, ನೊಣವಿಲ್ಲ. ಅಂಜಲ್ ಮೀನು ನಮ್ಮ ಬಂದರಿನಲ್ಲಿ ನೋಡಿದ್ದಕ್ಕಿಂತ ದೊಡ್ಡದು. ಆದರೂ ಏನೋ ಕಡಿಮೆಯಿದೆ ಎನಿಸುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಹೊಳೆಯಿತು: ಹೆಂಗಸರಿಲ್ಲ. ಮಾರುವವರೆಲ್ಲ ಬಿಳಿ ನಿಲುವಂಗಿ, ಕಸೂತಿ ಟೋಪಿಯ ಗಂಡಸರು. ಮೀನಿನ ಬುಟ್ಟಿಯ ಹಿಂದೆ ಕುಳಿತು ಗಿರಾಕಿಯ ವಂಶವನ್ನೇ ಬೈಯುವ ನನ್ನ ಅಮ್ಮ, ಚಿಕ್ಕಮ್ಮಂದಿರು ಇಲ್ಲದ ಮಾರುಕಟ್ಟೆ ನನಗೆ ದೇವರಿಲ್ಲದ ಗುಡಿಯಂತೆ ಕಂಡಿತು. ಒಬ್ಬ ಮುದುಕರು ಮೀನು ಮಾರುತ್ತಲೇ ಮಿಸ್ವಾಕ್ ಕಡ್ಡಿಯಿಂದ ಹಲ್ಲುಜ್ಜುತ್ತಿದ್ದರು. ಎಂಬತ್ತು ಕಳೆದಿರಬೇಕು, ಒಂದು ಹಲ್ಲೂ ಹೋಗಿರಲಿಲ್ಲ.

"ನಾವೂ ಮಾವಿನ ಎಲೆ, ಉಮಿಕರಿ ಅಂತ ತಿಕ್ಕಿದ್ದೇ ಅಲ್ವಾ" ಎಂದ ಅಣ್ಣ. "ಐವತ್ತೆಂಟು ವರ್ಷ ನನ್ನದಕ್ಕೂ ಒಂದು ಹುಳುಕಿಲ್ಲ. ಪೆಟ್ಟಿಗೆ ಬೀಳದಿದ್ರೆ ನಾನೂ ಹೀಗೆಯೇ ಇರ್ತಿದ್ದೆ."

"ಒಂದು ಅರ್ಧ ಮುರಿದದ್ದು ಇತ್ತಲ್ಲ" ಎಂದೆ.

"ಯಾವುದು?"

"ಕೊಕ್ಕೆ ಬಡಿದದ್ದು. ನಿನಗೆ ಹದಿನಾರು ಆಗಿದ್ದಾಗ. ಅಮ್ಮ ಸೆರಗು ಹರಿದು ಒತ್ತಿದ್ದು."

ಅಣ್ಣ ನಿಂತ. "ಅದು ನನಗೆ ಎಲ್ಲಿ? ಭಾಸ್ಕರಣ್ಣನಿಗೆ. ಅವನನ್ನು ಹಿಡಿದು ಕೂರಿಸಿದ್ದು ನಾನು. ಅದನ್ನೆಲ್ಲ ಈಗ ಎಂತಕ್ಕೆ ಕೇಳ್ತೀ?"

ಭಾಸ್ಕರ ನಮ್ಮ ಹಿರಿಯಣ್ಣ. ತೀರಿಕೊಂಡು ಬಹಳ ವರ್ಷವಾಯಿತು.

ನಾನು ಬರೆದುಕೊಟ್ಟ ಹಾಳೆಯಲ್ಲಿ ಏನಿದೆ ಎಂದು ಅಲ್ಲಿಯೇ ಹೇಳಿದೆ. ವಿಮೆಯವರು ನಿರಾಕರಿಸಲು ಅದೇ ಕಾರಣ ಎಂದೂ ಹೇಳಿದೆ. ಅಣ್ಣ ಬೈದಿದ್ದರೆ ಒಳ್ಳೆಯದಿತ್ತು. ಅವನು ಮಂಜುಗಡ್ಡೆಯ ಮೇಲಿದ್ದ ಮೀನೊಂದರ ಕಿವಿರು ಎತ್ತಿ ನೋಡಿ, ತಾಜಾ ಉಂಟು ಎಂದ. ಆಮೇಲೆ, "ನೀನು ಬರೆದದ್ದಲ್ವಾ, ಸರಿಯೇ ಇರ್ತದೆ ಅಂತ ಹಾಕಿದೆ ಸಹಿ" ಎಂದ.

ಆ ದಿನದ ದಿನಚರಿಯಲ್ಲಿ ನಾನು ಬರೆದದ್ದು ಇಷ್ಟು: 'ಸದಾಶಿವಣ್ಣ ಈಗ ಹೀಗೆ ಹೇಳುತ್ತಿರುವುದು ಹಲ್ಲು ಸಿಗಲಿ ಎಂದಿರಬಹುದೆ?' ನಾಚಿಕೆಗೇಡಿನ ಸಾಲು. ಅಳಿಸಿಲ್ಲ. ಒಂದು ಘಟನೆಯನ್ನು ಒಬ್ಬನ ಮಾತಿನ ಮೇಲೆ ನಂಬಬಾರದು ಎಂದು ತರಗತಿಯಲ್ಲಿ ಹೇಳುತ್ತ ಬಂದವಳು ನಾನು. ಆದರೆ ಹಾಳೆ ಬರೆಯುವಾಗ ನನ್ನೊಬ್ಬಳ ನೆನಪನ್ನು ನಂಬಿದ್ದೆ. ಆಗ ಒಂದು ಫೋನ್ ಮಾಡಿ ಕೇಳಬಹುದಿತ್ತು. ಕೇಳಬೇಕೆಂದು ಹೊಳೆಯಲೇ ಇಲ್ಲ. ಭಾಸ್ಕರಣ್ಣನ ಬಾಯಿಯನ್ನು ನೆನಪಿಗೆ ತರಲು ಪ್ರಯತ್ನಿಸಿದೆ. ವೀಳ್ಯದ ಕೆಂಪು ಬಿಟ್ಟು ಬೇರೇನೂ ಬರಲಿಲ್ಲ. ಒಡಹುಟ್ಟಿದ ಇಬ್ಬರ ನಗು ನನಗೆ ಗೊತ್ತಿರಲಿಲ್ಲ. ಹರಿದ ಸೆರಗಿನ ಬಣ್ಣ ಗೊತ್ತಿತ್ತು.

ವಿಮಾ ಕಚೇರಿ

ಕಚೇರಿಯ ಹೊರಕೋಣೆಯಲ್ಲಿ ಕಾಯುವವರಿಗೆ ಖರ್ಜೂರ ಮತ್ತು ಹಿಡಿಯಿಲ್ಲದ ಸಣ್ಣ ಬಟ್ಟಲಲ್ಲಿ ಏಲಕ್ಕಿ ಹಾಕಿದ ಕಹ್ವಾ ಕಾಫಿ ಕೊಡುತ್ತಾರೆ. ಕುಡಿದು ಮುಗಿಸಿದೆ, ಮತ್ತೆ ತುಂಬಿಸಿದರು. ಮತ್ತೆ ಮುಗಿಸಿದೆ, ಮತ್ತೆ ತುಂಬಿಸಿದರು. ಐದನೆಯ ಬಟ್ಟಲಿಗೆ ನನ್ನ ಎದೆ ಹೊಡೆದುಕೊಳ್ಳಲು ಶುರುವಾಯಿತು. ಸಾಕಾದರೆ ಬಟ್ಟಲನ್ನು ಅತ್ತಿತ್ತ ಅಲುಗಿಸಬೇಕಂತೆ. ಅಣ್ಣ ಹೇಳಿದ್ದು ಆಮೇಲೆ. "ಅಷ್ಟು ಓದಿದವಳು, ಗೊತ್ತಿರ್ತದೆ ಅಂತ ಸುಮ್ಮನೆ ಕೂತೆ" ಎಂದ. ಅವನು ಹಾಗೆ ಕುಟುಕಿ ಮಾತಾಡುವವನಲ್ಲ.

ನಮ್ಮ ಕಡತ ನೋಡುತ್ತಿದ್ದವರು ರಫೀಕ್ ಎಂಬ ಮೂವತ್ತರ ಯುವಕ. ನಮ್ಮ ಇಂಗ್ಲಿಷಿನ ಧಾಟಿ ಕೇಳಿ, "ಮಂಗಳೂರಾ? ನಾನು ಬಜಪೆಯವ" ಎಂದು ಕನ್ನಡಕ್ಕೆ ಹೊರಳಿದರು. ನನಗೆ ಅರ್ಧ ಗೆದ್ದಂತಾಯಿತು. ಪರದೇಶದಲ್ಲಿ ಊರಿನವರು ಸಿಕ್ಕರೆ ನಿಯಮಗಳು ಸ್ವಲ್ಪ ಮೆತ್ತಗಾಗುತ್ತವೆ ಎಂಬ ನಂಬಿಕೆ ನಮಗೆ ಹುಟ್ಟಿನಿಂದಲೇ ಬಂದದ್ದು.

ಆ ಹಾಳೆ ಬರೆದದ್ದು ನಾನು, ಪೆಟ್ಟಾದದ್ದು ಇನ್ನೊಬ್ಬ ಅಣ್ಣನಿಗೆ, ನನ್ನ ನೆನಪು ತಪ್ಪಿದೆ ಎಂದು ವಿವರಿಸಿದೆ.

"ಸಹಿ ಇವರದ್ದು ಉಂಟಲ್ಲ ಮೇಡಂ."

"ಓದಿಲ್ಲ ಅವನು."

"ಓದದೆ ಸಹಿ ಹಾಕಿದ್ದು ಅಂತ ನಾನು ಹೇಗೆ ಬರೆಯುವುದು?" ರಫೀಕ್ ಅಣ್ಣನ ಕಡೆ ತಿರುಗಿದರು. "ಅಣ್ಣಾ, ನಿಮ್ಮದು ಹಳೆಯ ಎಕ್ಸ್‌ರೇ, ಹಲ್ಲಿನ ಡಾಕ್ಟರ ಚೀಟಿ, ಎಂತಾದರೂ ಉಂಟಾ? ಪೆಟ್ಟಾಗುವ ಮೊದಲಿನದ್ದು?"

"ನೋವೇ ಇರಲಿಲ್ಲ, ಡಾಕ್ಟರ ಹತ್ರ ಎಂತಕ್ಕೆ ಹೋಗುವುದು?" ಎಂದ ಅಣ್ಣ. ಬಿದ್ದ ಹಲ್ಲುಗಳು ಆ ದಿನವೇ ಕೋಲ್ಡ್ ಸ್ಟೋರೇಜಿನ ನೀರಿನಲ್ಲಿ ತೊಳೆದುಹೋಗಿದ್ದವು.

"ಫೋಟೋ ಆದ್ರೂ ಆಗ್ತದೆ. ಹಲ್ಲು ಪೂರ್ತಿ ಇದ್ದದ್ದು ಕಾಣುವಂತಹ ಒಂದು ಫೋಟೋ. ಮತ್ತೆ ಆ ಕೊಕ್ಕೆ ಬಡಿದಾಗ ಇದ್ದವರು ಯಾರಾದ್ರೂ ಹೇಳುವುದಾದ್ರೆ ಅದೂ ಕೊಡಿ. ಇದೇ ವಾರದಲ್ಲಿ."

ಕಚೇರಿಯಿಂದ ಹೊರಡುವಾಗ ನಾವಿಬ್ಬರೂ ಹಗುರವಾಗಿದ್ದೆವು. ಒಂದು ಫೋಟೋ ತಾನೇ?

ಮತ್ತೆ ರೂವಿ

ಶುಕ್ರವಾರ ಬೆಳಿಗ್ಗೆಯಿಂದ ಹುಡುಕಿದೆವು. ಅಣ್ಣನ ಪೆಟ್ಟಿಗೆಯಲ್ಲಿ, ಫೋನಿನಲ್ಲಿ. ಊರಿನಲ್ಲಿ ನನ್ನ ಮಗಳು ಆಲ್ಬಮ್ಮುಗಳ ಪುಟಪುಟದ ಚಿತ್ರ ತೆಗೆದು ಕಳಿಸಿದಳು. ಮದುವೆಯ ಫೋಟೋದಲ್ಲಿ ಅಣ್ಣನ ಬಾಯಿ ಮುಚ್ಚಿದೆ. ಮಗನ ನಾಮಕರಣದಲ್ಲಿ ಮುಚ್ಚಿದೆ. ಗೃಹಪ್ರವೇಶದಲ್ಲಿ ಮುಚ್ಚಿದೆ. ನಮ್ಮ ಗಂಡಸರು ಕ್ಯಾಮೆರಾದ ಮುಂದೆ ಹಲ್ಲು ಬಿಡುವುದಿಲ್ಲ. ಹಾಗೆ ನಿಲ್ಲುವುದು ಮರ್ಯಾದೆ. ಸ್ಟುಡಿಯೋದವರೂ ಗಂಭೀರವಾಗಿರಿ ಎಂದೇ ಹೇಳುತ್ತಿದ್ದರು. ಒಂದು ಚಿತ್ರದಲ್ಲಿ ಮಾತ್ರ ಅಣ್ಣ ಪೂರ್ತಿ ಬಾಯಿ ತೆರೆದು ಭಜನೆ ಹಾಡುತ್ತಿದ್ದ. ಮೀಸೆಯ ಮುಂದೆ ಮೈಕು ಇತ್ತು.

ಕೊನೆಗೆ ಅವನ ವೀಸಾ, ಕೆಲಸದ ಕಾರ್ಡುಗಳ ಕಟ್ಟು ತೆಗೆದೆ. ಇಪ್ಪತ್ತಾರು ವರ್ಷದ ಸಣ್ಣ ಚೌಕದ ಮುಖಗಳು. ಕೂದಲು ಕಡಿಮೆಯಾಗುತ್ತ, ಮೀಸೆ ಬಿಳಿಯಾಗುತ್ತ ಬಂದಿದೆ. ಎಲ್ಲದರಲ್ಲೂ ಬಾಯಿ ಮುಚ್ಚಿದೆ. ಬಾಯಿ ಮುಚ್ಚಿರಬೇಕು ಎಂಬುದು ಅಲ್ಲಿ ನಿಯಮವೇ. ಒಂದು ದೇಶ ಇವನ ಮುಖವನ್ನು ಇಷ್ಟು ಸಲ ಕೇಳಿ ಪಡೆದಿತ್ತು. ಹಲ್ಲನ್ನು ಒಮ್ಮೆಯೂ ಕೇಳಿರಲಿಲ್ಲ.

ಉಳಿದದ್ದು ಸಾಕ್ಷಿ. ಆ ಘಟನೆಯನ್ನು ಕಂಡವರಲ್ಲಿ ಬದುಕಿರುವವರು ನಮ್ಮಿಬ್ಬರನ್ನು ಬಿಟ್ಟರೆ ಅಮ್ಮ. ಎಂಬತ್ತನಾಲ್ಕಾಯಿತು, ಕಿವಿ ಚುರುಕು, ನಾಲಿಗೆ ಅದಕ್ಕಿಂತ ಚುರುಕು. ಕಾಟಿಪಳ್ಳದಲ್ಲಿ ಮಗಳು ಫೋನ್ ಹಿಡಿದಳು. ನಾನು ಅಮ್ಮನಿಗೆ ಏನನ್ನೂ ಸೂಚಿಸಬಾರದು, ಬರಿದೇ ಕೇಳಬೇಕು ಎಂದು ನಿರ್ಧರಿಸಿದ್ದೆ. ಸರಿಯಾದ ವಿಧಾನ ಅದೇ.

"ಅಮ್ಮ, ಆಗ ದೋಣಿಯ ಕೊಕ್ಕೆ ಬಡಿದು ಹಲ್ಲು ಮುರಿದದ್ದು ಯಾರಿಗೆ?"

ಅಮ್ಮ ಪರದೆಯಲ್ಲಿ ಅಣ್ಣನನ್ನು ನೋಡಿದಳು. "ಇವ ಎಂತ ಇಷ್ಟು ಬಡಕಲಾಗಿದ್ದಾನೆ? ಅಲ್ಲಿ ಗಂಜಿ ಸಹ ಸಿಗುವುದಿಲ್ವಾ?"

"ಅಮ್ಮ, ಕೇಳಿದ್ದಕ್ಕೆ ಹೇಳು. ಯಾರಿಗೆ?"

"ಅದನ್ನು ಯಾರು ಕೇಳುವುದು?"

"ಇನ್ಶೂರೆನ್ಸಿನವರು. ಇವನಿಗೆ ಹಲ್ಲು ಹಾಕ್ಲಿಕ್ಕೆ."

ಅಮ್ಮ ಪರದೆಯ ಹತ್ತಿರ ಬಂದಳು. "ಯಾರಿಗೆ ಅಂತ ಹೇಳಿದ್ರೆ ಇವನಿಗೆ ಹಲ್ಲು ಬರ್ತದೆ?"

"ಹಾಗಲ್ಲ ಅಮ್ಮ, ನಿಜ ಯಾವುದು ಅಂತ..."

"ನಿಜ ಕಟ್ಟಿಕೊಂಡು ನಿನಗೆ ಎಂತ ಆಗ್ಬೇಕು? ಯಾವುದು ಹೇಳಿದ್ರೆ ಹಲ್ಲು ಬರ್ತದೆ ಅದನ್ನು ಹೇಳು, ನಾನು ಹಾಗೆಯೇ ಹೇಳ್ತೇನೆ. ಭಾಸ್ಕರ ಅಂತ ಹೇಳ್ಬೇಕಾ? ಭಾಸ್ಕರ. ನಿಮ್ಮ ಅಪ್ಪ ಅಂತ ಹೇಳ್ಬೇಕಾ? ಅಪ್ಪ. ಇಬ್ಬರೂ ಬಂದು ಜಗಳ ಮಾಡ್ಲಿಕ್ಕಿಲ್ಲ."

ಅಣ್ಣ ನಕ್ಕುಬಿಟ್ಟ. ನನಗೂ ನಗು ಬಂತು, ಬಂದಷ್ಟೇ ಬೇಗ ಹೋಯಿತು. ಫಾರ್ಮು ಬಂದ ದಿನ ಅಮ್ಮ ನನ್ನ ಪಕ್ಕದಲ್ಲೇ ಕುಳಿತು ಮೀನು ಹೆಚ್ಚುತ್ತಿದ್ದಳು. ಎರಡು ಚೌಕಗಳಲ್ಲಿ ಯಾವುದಕ್ಕೆ ಗುರುತು ಹಾಕಲಿ ಎಂದು ಓದುಬರಹವಿಲ್ಲದ ಅವಳನ್ನು ಕೇಳಿದ್ದರೆ ಸರಿಯಾಗಿ ಹೇಳುತ್ತಿದ್ದಳು.

ಮತ್ತೆ ವಿಮಾ ಕಚೇರಿ

ಫೋಟೋ ಸಿಗಲಿಲ್ಲ, ಅಮ್ಮನ ಮಾತು ಸಾಕ್ಷಿಯಾಗುವಂತಿರಲಿಲ್ಲ. ಒಂದು ಪತ್ರ ಬರೆದುಕೊಂಡು ಹೋದೆ: ಮೊದಲಿನ ಹಾಳೆ ನನ್ನ ತಪ್ಪು ನೆನಪಿನಿಂದ ಆದದ್ದು, ವಿಮೆ ಪಡೆದವರು ಅದನ್ನು ಓದಿರಲಿಲ್ಲ, ಅವರ ಹಲ್ಲುಗಳು ಈ ಅಪಘಾತಕ್ಕೆ ಮೊದಲು ಆರೋಗ್ಯವಾಗಿದ್ದವು. ಈ ಸಲ ಅಣ್ಣನಿಗೆ ಪ್ರತಿ ಸಾಲನ್ನೂ ತುಳುವಿನಲ್ಲಿ ಹೇಳಿ ಒಪ್ಪಿಗೆ ಪಡೆದಿದ್ದೆ. ರಫೀಕ್ ನಿಧಾನವಾಗಿ ಓದಿ, ಒಳಗೆ ಹಿರಿಯರೊಬ್ಬರಿಗೆ ತೋರಿಸಿ ಬಂದರು. ಮುಖ ನೋಡಿಯೇ ಗೊತ್ತಾಯಿತು.

"ಆಗುವುದಿಲ್ಲ ಮೇಡಂ. ಪುರಾವೆ ಇಲ್ಲ ಅಂತ ಹೇಳಿದ್ರು."

"ಮೊದಲಿನ ಹಾಳೆಗೆ ಯಾವ ಪುರಾವೆ ಇತ್ತು? ಅದೂ ನಾನೇ ಬರೆದದ್ದು. ಇದೂ ನಾನೇ ಬರೆದದ್ದು. ಅದನ್ನು ನಂಬಿದ್ರಿ, ಇದನ್ನು ಯಾಕೆ ನಂಬುವುದಿಲ್ಲ?"

ರಫೀಕ್ ಪೆನ್ನಿನ ಮುಚ್ಚಳ ತೆಗೆದು ಹಾಕಿದರು. ದನಿ ತಗ್ಗಿಸಿದರು. "ನಿಮಗೆ ನಷ್ಟ ಆಗುವ ಮಾತಿಗೆ ಪುರಾವೆ ಬೇಡ ಮೇಡಂ. ನಮಗೆ ನಷ್ಟ ಆಗುವ ಮಾತಿಗೆ ಬೇಕು. ಇದು ಇಲ್ಲಿ ಮಾತ್ರ ಅಲ್ಲ, ಊರಿನಲ್ಲೂ ಹೀಗೆಯೇ." ಕಡತ ಮುಚ್ಚಿ, "ನೀವು ಇಲ್ಲ ಅಂತ ಒಂದು ಗುರುತು ಹಾಕಿದ್ರೆ ಮುಗಿದಿತ್ತು. ಅಷ್ಟೆಲ್ಲ ಯಾಕೆ ಬರೆದ್ರಿ?" ಎಂದರು.

ಸತ್ಯಕ್ಕಾಗಿ ಬರೆದೆ ಎನ್ನಬಹುದಿತ್ತು, ಅದು ಸತ್ಯವಾಗಿದ್ದರೆ. ಬರೆಯಲು ಬರುತ್ತದೆ ಎಂಬುದಕ್ಕಾಗಿ ಬರೆದೆ ಎಂಬುದು ಹತ್ತಿರದ ಮಾತು. ಕಂಪೆನಿಯವರು ಅಪಘಾತವೆಂದು ಒಪ್ಪಿ ಬರೆದುಕೊಟ್ಟಿದ್ದರು, ಡಾಕ್ಟರು ಬರೆದುಕೊಟ್ಟಿದ್ದರು, ವಿಮೆಯಲ್ಲಿ ಅವಕಾಶವೂ ಇತ್ತು. ಇಷ್ಟು ಅಪರೂಪಕ್ಕೆ ಎಲ್ಲವೂ ಅಣ್ಣನ ಪರವಾಗಿದ್ದಾಗ ಅಡ್ಡ ಬಂದದ್ದು ಅವನ ಸ್ವಂತ ತಂಗಿಯ ಬರಹ. ವಿಮೆಯವರನ್ನು ಬೈದು ಹಗುರಾಗೋಣವೆಂದರೆ ಅದಕ್ಕೂ ನನಗೆ ಪೂರ್ತಿ ಹಕ್ಕಿಲ್ಲ. ಆದರೂ ಬೈದೆ. ರೂವಿಗೆ ಹಿಂದಿರುಗುವ ಬಸ್ಸಿನಲ್ಲಿ ದಾರಿಯುದ್ದಕ್ಕೂ ಬೈದೆ. ಅಣ್ಣ ಕಿಟಕಿಯಿಂದ ಹೊರಗೆ, ಒಂದು ಹಸಿರು ಗಿಡವೂ ಇಲ್ಲದ ಕಲ್ಲುಗುಡ್ಡಗಳನ್ನು ನೋಡುತ್ತ ಕುಳಿತಿದ್ದ.

ಹಲ್ಲಿನ ಆಸ್ಪತ್ರೆ

ಹೊರಡುವ ಹಿಂದಿನ ದಿನ ಆಸ್ಪತ್ರೆಗೆ ಹೋದೆವು. ಇಂಪ್ಲಾಂಟ್ ಇಲ್ಲವೆಂದಾದ ಮೇಲೆ ಉಳಿದದ್ದು ತೆಗೆದು ಹಾಕುವ ಪ್ಲೇಟು. ಅಂಗುಳಿಗೆ ಅಂಟಿ ಕೂರುವ ಗುಲಾಬಿ ಪ್ಲಾಸ್ಟಿಕ್ಕು, ಅದರ ಅಂಚಿನಲ್ಲಿ ಮೂರು ಹಲ್ಲು. ಡಾಕ್ಟರು ಅಳತೆಯ ಪ್ಲೇಟೊಂದನ್ನು ಇಟ್ಟು ಮಾತಾಡಿ ನೋಡಿ ಎಂದರು. ಅಣ್ಣ ಕಣ್ಣು ಮುಚ್ಚಿ, ಒಂದು ಭಜನೆಯ ಮೊದಲ ಸಾಲನ್ನು ಮೆಲ್ಲಗೆ ಎತ್ತಿಕೊಂಡ. ದನಿ ಮೇಲೇರುವಲ್ಲಿ ಪ್ಲೇಟು ಜಾರಿ ಟಕ್ಕೆಂದು ಕೆಳಗಿನ ಹಲ್ಲಿಗೆ ತಾಗಿತು. ಅವನು ಅದನ್ನು ತೆಗೆದು ಅಂಗೈಯಲ್ಲಿಟ್ಟುಕೊಂಡು ನೋಡಿದ.

"ಊಟಕ್ಕೆ ಆಗ್ತದೆ. ತಾಳ ಹಾಕುವವನಿಗೆ ಧಾರಾಳ ಸಾಕು" ಎಂದ.

ನರ್ಸು ಒಪ್ಪಿಗೆಯ ಫಾರ್ಮು ತಂದುಕೊಟ್ಟರು. ಅಭ್ಯಾಸದಂತೆ ನಾನು ಕೈ ಚಾಚಿದೆ, ತುಂಬಿದೆ. ಸಹಿ ಹಾಕುವ ಗೆರೆಯ ಮೇಲೆ ಬೆರಳಿಟ್ಟು ಅಣ್ಣನ ಕಡೆ ಸರಿಸಿದೆ. ಅವನು ಪೆನ್ನು ತೆಗೆದುಕೊಂಡ. ಗೆರೆಯ ಹತ್ತಿರ ತಂದು ನಿಲ್ಲಿಸಿದ.

"ಎಂತ ಬರೆದದ್ದು? ಓದಿ ಹೇಳು."

ಓದಿದೆ. ಹೆಸರು, ವಯಸ್ಸು, ರಕ್ತದೊತ್ತಡ ಇಲ್ಲ, ಸಕ್ಕರೆ ಕಾಯಿಲೆ ಇಲ್ಲ. ಒಂದೊಂದನ್ನೂ ತುಳುವಿನಲ್ಲಿ ಹೇಳಿದೆ. ಒಂದೊಂದಕ್ಕೂ ಅವನು ತಲೆಯಾಡಿಸಿದ. ಪಕ್ಕದಲ್ಲಿ ನರ್ಸು ಕಾಯುತ್ತಿದ್ದರು. ಮುಗಿಯಿತು ಎಂದೆ.

"ಇನ್ನೊಮ್ಮೆ ಓದು" ಎಂದ ಅಣ್ಣ.